ಒಂದು ಹಗಲಿನ ಅತಿಥಿಗಳು: ನಗರದ ಕುಟುಂಬಗಳ ಕಿರುಪ್ರವಾಸ ಮತ್ತು ಗ್ರಾಮ ಪಂಚಾಯಿತಿಯ ಹೊಣೆ



ರಜಾದಿನದ ಮುಂಜಾನೆ ಹೆಬ್ಬಾಳದ ಮೇಲ್ಸೇತುವೆಯ ಸಮೀಪ ನಿಂತು ನೋಡಿದರೆ ವಾಹನಗಳ ದಿಕ್ಕು ತಿರುಗಿರುವುದು ಕಾಣುತ್ತದೆ. ವಾರದ ದಿನಗಳಲ್ಲಿ ಹಳ್ಳಿಗಳಿಂದ ನಗರದ ಕಡೆಗೆ ಹರಿಯುವ ಬಳ್ಳಾರಿ ರಸ್ತೆಯ ಸಂಚಾರ ಅಂದು ನಗರದಿಂದ ಹಳ್ಳಿಗಳ ಕಡೆಗೆ ಹರಿಯುತ್ತದೆ. ಕೆಂಪಾಪುರ, ಅಮೃತಹಳ್ಳಿ, ಜಕ್ಕೂರು, ಯಲಹಂಕ, ಸಹಕಾರನಗರ ಮುಂತಾದ ಬಡಾವಣೆಗಳ ಕುಟುಂಬಗಳು ಬುತ್ತಿ ಕಟ್ಟಿಕೊಂಡು, ಮಕ್ಕಳನ್ನೂ ಹಿರಿಯರನ್ನೂ ಕರೆದುಕೊಂಡು, ಸಂಜೆಯೊಳಗೆ ಮನೆ ಸೇರುವ ಲೆಕ್ಕದಲ್ಲಿ ಹೊರಡುತ್ತವೆ. ಅವರಲ್ಲಿ ಬಹುಪಾಲು ಜನರಿಗೆ ತಿಳಿದಿರುವ ಹೆಸರು ಒಂದೇ: ನಂದಿ ಬೆಟ್ಟ. ಅಲ್ಲಿ ದಟ್ಟಣೆ ಕಂಡು ಬೇಸತ್ತವರು ದಾರಿ ಬದಲಿಸಿ ಸುತ್ತಲಿನ ಕೆರೆ, ಗುಡ್ಡ, ಹಳೆಯ ದೇವಾಲಯ, ತೋಪುಗಳನ್ನು ಅರಸಿ ನಮ್ಮ ಗ್ರಾಮಗಳಿಗೆ ಬರುತ್ತಾರೆ.

ಹೀಗೆ ಬರುವವರು ರಾತ್ರಿ ತಂಗುವವರಲ್ಲ. ಆದುದರಿಂದ ವಸತಿಗೃಹಗಳ ಲೆಕ್ಕದಲ್ಲಿ ಅವರು ಸೇರುವುದಿಲ್ಲ. ಜಾತ್ರೆಗೆ ಬರುವವರೂ ಅಲ್ಲ. ಆದುದರಿಂದ ಜಾತ್ರೆಯ ಪೂರ್ವಸಿದ್ಧತೆಯೂ ಅವರಿಗೆ ಅನ್ವಯಿಸುವುದಿಲ್ಲ. ಅವರ ವಾಹನ ನಿಲ್ಲುವುದು ನಮ್ಮ ಗೋಮಾಳದ ಅಂಚಿನಲ್ಲಿ, ಅವರ ಊಟ ನಡೆಯುವುದು ನಮ್ಮ ಕೆರೆಯ ಏರಿಯ ಮೇಲೆ, ಅವರ ಮಕ್ಕಳು ಆಡುವುದು ನಮ್ಮ ಕಲ್ಯಾಣಿಯ ಮೆಟ್ಟಿಲಲ್ಲಿ. ಒಂದು ಹಗಲಿನ ಈ ಅತಿಥಿಗಳಿಂದ ಗ್ರಾಮಕ್ಕೆ ಬರುವ ಲಾಭವೇನು, ತಗಲುವ ಹೊರೆಯೇನು, ಪಂಚಾಯಿತಿ ಕೈಗೊಳ್ಳಬಹುದಾದ ಕ್ರಮಗಳೇನು ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ. ಮೊದಲಿಗೆ, ನಮ್ಮ ಸುತ್ತ ಇರುವ ಸ್ಥಳಗಳ ಮಹತ್ವವನ್ನು ನಾವೇ ಅರಿಯೋಣ. ಊರಿನವರಿಗೆ ತಿಳಿಯದ ಮಹತ್ವವನ್ನು ಪರಊರಿನವರು ಕಾಪಾಡಲಾರರು.

1. ಕಲ್ಲು: ಹೆಬ್ಬಾಳದ ವೀರಗಲ್ಲು ಕಲಿಸುವ ಪಾಠ

ಕೆಂಪಾಪುರಕ್ಕೆ ಅತಿ ಸಮೀಪದ ಪ್ರವಾಸ ಸ್ಥಳಕ್ಕೆ ವಾಹನವೂ ಬೇಕಿಲ್ಲ. 2018ರಲ್ಲಿ ಹೆಬ್ಬಾಳದ ಹಳೆಯ ಊರಿನಲ್ಲಿ ನೆಲ ಅಗೆಯುವಾಗ ಒಂದು ವೀರಗಲ್ಲು ದೊರೆಯಿತು. ಅದರ ಮೇಲಿನ ಬರಹ ಗಂಗ ದೊರೆ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದ್ದು ಎಂದು ಶಾಸನತಜ್ಞರು ನಿರ್ಣಯಿಸಿದ್ದಾರೆ. ರಾಷ್ಟ್ರಕೂಟರ ಕಡೆಯವರ ದಾಳಿಯನ್ನು ಎದುರಿಸಿ ಮಡಿದ ಕಿತ್ತಯ್ಯ ಎಂಬ ವೀರನ ನೆನಪು ಅದರಲ್ಲಿದೆ. ಈ ಪ್ರದೇಶವನ್ನು ಅದು 'ಪೆರ್ಬೊಳಲ್ ನಾಡು' ಎಂದು ಕರೆಯುತ್ತದೆ. ಇಂದಿನ ಹೆಬ್ಬಾಳ ಎಂಬ ಹೆಸರಿನ ಹಳೆಯ ರೂಪ ಅದು. 'ಪಿರಿದಾದ ಪೊಳಲು', ಎಂದರೆ ದೊಡ್ಡ ಊರು. ಬೆಂಗಳೂರು ನಗರದಲ್ಲಿ ದೊರೆತಿರುವ ಅತಿ ಪ್ರಾಚೀನ ಕನ್ನಡ ಶಾಸನಗಳಲ್ಲಿ ಇದೂ ಒಂದು. ಬೆಂಗಳೂರು ಎಂಬ ಹೆಸರನ್ನು ಉಲ್ಲೇಖಿಸುವ ಬೇಗೂರಿನ ವೀರಗಲ್ಲು ಸುಮಾರು ಕ್ರಿ.ಶ. 890ರದ್ದು. ಹೆಬ್ಬಾಳದ ಕಲ್ಲು ಅದಕ್ಕಿಂತಲೂ ಸುಮಾರು 140 ವರ್ಷ ಹಿರಿಯದು.

ಈ ಕಲ್ಲು ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಷ ಉಳಿದುಬಂದು, ಇನ್ನೊಂದು ಕಾಮಗಾರಿಯಲ್ಲಿ ಮತ್ತೆ ಮಣ್ಣು ಸೇರಬಹುದಾಗಿತ್ತು. ಆಸಕ್ತ ನಾಗರಿಕರು ಅದನ್ನು ಗುರುತಿಸಿ, ಓದಿಸಿ, ಅದಕ್ಕೊಂದು ನೆಲೆ ಕಲ್ಪಿಸಲು ಶ್ರಮಿಸಿದ ಕಾರಣ ಇಂದು ಮಕ್ಕಳಿಗೆ ತೋರಿಸಲು ಅದು ಉಳಿದಿದೆ. ಬೆಂಗಳೂರು ಸುತ್ತಲಿನ ಶಾಸನಗಳನ್ನು ಮೂರು ಆಯಾಮಗಳಲ್ಲಿ ಗಣಕೀಕರಿಸಿ ದಾಖಲಿಸುವ ಕಾರ್ಯವನ್ನು ಮಿಥಿಕ್ ಸೊಸೈಟಿ ಕೈಗೊಂಡಿದೆ.

ನಮ್ಮ ಪಂಚಾಯಿತಿಗಳಿಗೆ ಇದರ ಪಾಠ ನೇರವಾದುದು. ಬಿ.ಎಲ್. ರೈಸ್ ಅವರು ಸಂಪಾದಿಸಿದ 'ಎಪಿಗ್ರಾಫಿಯಾ ಕರ್ನಾಟಿಕಾ' ಮಾಲೆಯ 9ನೇ ಸಂಪುಟ 1905ರಲ್ಲಿ ಪ್ರಕಟವಾಯಿತು. ಅಂದಿನ ಬೆಂಗಳೂರು ಜಿಲ್ಲೆಯ ಶಾಸನಗಳು ತಾಲ್ಲೂಕುವಾರು, ಗ್ರಾಮವಾರು ಅದರಲ್ಲಿ ದಾಖಲಾಗಿವೆ. ಆ ಪಟ್ಟಿಯಲ್ಲಿರುವ ಕಲ್ಲುಗಳಲ್ಲಿ ಕೆಲವು ಇಂದು ಮನೆಯ ಅಡಿಪಾಯದಲ್ಲಿವೆ, ಕೆಲವು ಬಟ್ಟೆ ಒಗೆಯುವ ಬಂಡೆಗಳಾಗಿವೆ, ಕೆಲವು ರಸ್ತೆ ಅಗಲೀಕರಣದಲ್ಲಿ ಕಣ್ಮರೆಯಾಗಿವೆ. ತಮ್ಮ ಗ್ರಾಮದ ಹೆಸರಿನಡಿ ಆ ಸಂಪುಟದಲ್ಲಿ ಎಷ್ಟು ಶಾಸನಗಳಿವೆ, ಅವುಗಳಲ್ಲಿ ಎಷ್ಟು ಸ್ಥಳದಲ್ಲಿಯೇ ಇವೆ ಎಂಬುದನ್ನು ಪಂಚಾಯಿತಿ ಗ್ರಂಥಾಲಯದ ಮೂಲಕ ಒಮ್ಮೆ ಪರಿಶೀಲಿಸಬಹುದು. ಹೊಸದಾಗಿ ಕಲ್ಲು ದೊರೆತರೆ ಕಾಮಗಾರಿಯನ್ನು ಆ ಭಾಗದಲ್ಲಿ ನಿಲ್ಲಿಸಿ, ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಗೆ ತಿಳಿಸುವುದು ಮೊದಲ ಕರ್ತವ್ಯ. ಕಲ್ಲಿಗೆ ಬಣ್ಣ ಬಳಿಯುವುದು, ಎಣ್ಣೆ ಸುರಿಯುವುದು, ಅಕ್ಷರಗಳನ್ನು ಉಳಿಯಿಂದ ತಿದ್ದುವುದು ಸಲ್ಲದು.

2. ನೀರು: ಜಕ್ಕೂರು ಮತ್ತು ಪುಟ್ಟೇನಹಳ್ಳಿ ಕೆರೆಗಳು

ಕೆಂಪಾಪುರದಿಂದ ಅನತಿ ದೂರದಲ್ಲಿರುವ ಜಕ್ಕೂರು ಕೆರೆ ಸುಮಾರು 160 ಎಕರೆ ವಿಸ್ತಾರದ್ದು. ಹಕ್ಕಿ ನೋಡಲು ಬರುವ ಕುಟುಂಬಗಳಿಗೆ ಅದೊಂದು ನೆಮ್ಮದಿಯ ತಾಣ. ಪಂಚಾಯಿತಿ ಸದಸ್ಯರು ಅದನ್ನು ಮತ್ತೊಂದು ಕಾರಣಕ್ಕಾಗಿ ನೋಡಬೇಕು. ಬಡಾವಣೆಗಳ ಕೊಳಚೆ ನೀರು ಮೊದಲು ಶುದ್ಧೀಕರಣ ಘಟಕಕ್ಕೆ ಹೋಗುತ್ತದೆ. ಅಲ್ಲಿಂದ ಹೊರಬಂದ ನೀರು ಜೊಂಡು ಮುಂತಾದ ಜಲಸಸ್ಯಗಳು ಬೆಳೆದ ತೇವಭೂಮಿಯ ಮೂಲಕ ನಿಧಾನವಾಗಿ ಸಾಗುತ್ತದೆ. ಉಳಿದ ಸಾರಜನಕ ಮತ್ತು ರಂಜಕದ ಒಂದಷ್ಟು ಭಾಗವನ್ನು ಸಸ್ಯಗಳೂ ಅವುಗಳ ಬೇರಿನ ಸೂಕ್ಷ್ಮಜೀವಿಗಳೂ ಹೀರಿಕೊಂಡ ಬಳಿಕ ನೀರು ಕೆರೆ ಸೇರುತ್ತದೆ. ಮಳೆ ಇಲ್ಲದ ತಿಂಗಳುಗಳಲ್ಲೂ ಕೆರೆಯಲ್ಲಿ ನೀರಿರುವುದಕ್ಕೆ ಇದೇ ಕಾರಣ. ತಮ್ಮ ಗ್ರಾಮದ ಬೂದು ನೀರನ್ನು ನೇರವಾಗಿ ಕೆರೆಗೆ ಬಿಡುತ್ತಿರುವ ಪಂಚಾಯಿತಿಗಳ ಸದಸ್ಯರು ಮಕ್ಕಳೊಂದಿಗೆ ಇಲ್ಲಿಗೆ ಬಂದು ಒಂದು ಬೆಳಗನ್ನು ಕಳೆದರೆ, ತರಬೇತಿ ಕೊಠಡಿಯಲ್ಲಿ ಕುಳಿತು ಕಲಿಯುವುದಕ್ಕಿಂತ ಹೆಚ್ಚು ಕಲಿಯಬಹುದು.

ಯಲಹಂಕದ ಪುಟ್ಟೇನಹಳ್ಳಿ ಕೆರೆಯನ್ನು 2015ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ಸುತ್ತ ಕಟ್ಟಡಗಳು ಎದ್ದಿದ್ದರೂ ನಡುವಿನ ಮರಗಳಲ್ಲಿ ನೀರುಕಾಗೆ, ಬಕ, ಬೆಳ್ಳಕ್ಕಿಗಳು ಗೂಡು ಕಟ್ಟುತ್ತವೆ. ಕಿರಿದಾದ ಕೆರೆಯೂ ಕಾನೂನಿನ ರಕ್ಷಣೆ ಪಡೆಯಬಲ್ಲದು ಎಂಬುದಕ್ಕೆ ಇದು ನಿದರ್ಶನ.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅಗತ್ಯ. ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯಡಿ ನಗರದ ಸಂಸ್ಕರಿತ ನೀರನ್ನು ದಿನಕ್ಕೆ 210 ದಶಲಕ್ಷ ಲೀಟರ್ ಪ್ರಮಾಣದಲ್ಲಿ ಬೆಂಗಳೂರು ನಗರ, ಬೆಂಗಳೂರು ಗ್ರಾಮಾಂತರ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಗಳ 65 ಕೆರೆಗಳಿಗೆ ಹರಿಸುವ ಉದ್ದೇಶವಿದೆ. ಈ ನೀರು ಎರಡನೇ ಹಂತದವರೆಗೆ ಮಾತ್ರ ಸಂಸ್ಕರಣೆಗೊಂಡದ್ದು. ಅಂತರ್ಜಲ ಮರುಪೂರಣಕ್ಕಾಗಿ ಉದ್ದೇಶಿಸಿದ್ದು. ಕುಡಿಯಲು, ಮೀಯಲು ಯೋಗ್ಯವಾದುದಲ್ಲ. ತುಂಬಿದ ಕೆರೆಯನ್ನು ಕಂಡ ನಗರದ ಮಕ್ಕಳು ಇಳಿದು ಆಡುವುದು ಸಹಜ. ಅಂತಹ ಕೆರೆಗಳಿರುವ ಪಂಚಾಯಿತಿಗಳು ನೀರಿನ ಮೂಲವನ್ನೂ ಅದರ ಬಳಕೆಯ ಮಿತಿಯನ್ನೂ ತಿಳಿಸುವ ಫಲಕವನ್ನು ಏರಿಯ ಮೇಲೆ ಹಾಕುವುದು ಸೂಕ್ತ. ಇದು ನಮ್ಮ ಊರಿನ ಮಕ್ಕಳಿಗೂ ಅಷ್ಟೇ ಅಗತ್ಯ.

3. ಹುಲ್ಲು: ಹೆಸರಘಟ್ಟದ ಬಯಲು ಪಾಳುಭೂಮಿಯಲ್ಲ

ನಂದಿ ಬೆಟ್ಟದ ಸೀಮೆಯಲ್ಲಿ ಹುಟ್ಟುವ ಅರ್ಕಾವತಿ ನದಿಗೆ ಹೆಸರಘಟ್ಟದಲ್ಲಿ 1894ರಲ್ಲಿ ಕಟ್ಟೆ ಕಟ್ಟಲಾಯಿತು. ಆಗ ಮೈಸೂರಿನ ದಿವಾನರಾಗಿದ್ದವರು ಕೆ. ಶೇಷಾದ್ರಿ ಅಯ್ಯರ್. ಇಟ್ಟಿಗೆಯ ಕಾಲುವೆಯ ಮೂಲಕ ಸೋಲದೇವನಹಳ್ಳಿಗೆ ಹರಿದ ನೀರನ್ನು ಹಬೆಯಂತ್ರಗಳಿಂದ ಮೇಲೆತ್ತಿ 1896ರಿಂದ ಬೆಂಗಳೂರಿಗೆ ಪೂರೈಸಲಾಯಿತು. ನಗರಕ್ಕೆ ಕೊಳವೆಯಲ್ಲಿ ಬಂದ ಮೊದಲ ನೀರು ನಮ್ಮ ಹಳ್ಳಿಗಳ ಜಲಾನಯನದ್ದು ಎಂಬುದನ್ನು ನಗರದ ಮಕ್ಕಳಿಗೆ ತಿಳಿಸಲು ಇದಕ್ಕಿಂತ ತಕ್ಕ ಸ್ಥಳ ಇನ್ನೊಂದಿಲ್ಲ.

ಕೆರೆಯ ಅಂಚಿನ ಹುಲ್ಲುಗಾವಲು ಬೆಂಗಳೂರಿನ ಸುತ್ತ ಉಳಿದಿರುವ ಅಪರೂಪದ ಬಯಲು. ಮರಗಳಿಲ್ಲದ ಕಾರಣ ಅದನ್ನು ಪಾಳು ಎಂದು ಭಾವಿಸುವವರು ಹಲವರು. ಆದರೆ ನೆಲದ ಮೇಲೆಯೇ ಗೂಡು ಮಾಡುವ ನೆಲಗುಬ್ಬಿಗಳಿಗೆ, ಚಳಿಗಾಲದಲ್ಲಿ ದೂರದ ಉತ್ತರದಿಂದ ಬರುವ ಸೆಳೆವ ಜಾತಿಯ ಬೇಟೆಹಕ್ಕಿಗಳಿಗೆ, ಕೀಟಗಳಿಗೆ, ಮೇಯುವ ದನಕುರಿಗಳಿಗೆ ಅದೇ ಆಸರೆ. ಹುಲ್ಲಿನ ಬೇರುಗಳು ಮಳೆಯ ನೀರನ್ನು ತಡೆದು ಇಂಗಿಸುವುದರಿಂದ ಕೆರೆಗೂ ಅದೇ ಆಧಾರ. ಸುಮಾರು 5,678 ಎಕರೆ ಪ್ರದೇಶವನ್ನು ಹುಲ್ಲುಗಾವಲು ಸಂರಕ್ಷಣಾ ಮೀಸಲು ಪ್ರದೇಶವಾಗಿಸುವ ಪ್ರಸ್ತಾವಕ್ಕೆ ರಾಜ್ಯ ವನ್ಯಜೀವಿ ಮಂಡಳಿಯು 2024ರಲ್ಲಿ ಒಪ್ಪಿಗೆ ನೀಡಿತು.

ಇಲ್ಲಿಗೆ ಬರುವ ಪ್ರವಾಸಿಗರಿಂದ ಆಗುವ ಹಾನಿ ಕಣ್ಣಿಗೆ ಕೂಡಲೇ ಕಾಣದು. ಕಾರು, ಬೈಕುಗಳನ್ನು ಹುಲ್ಲಿನ ಮೇಲೆ ಓಡಿಸಿದಾಗ ಚಕ್ರದ ಜಾಡಿನಲ್ಲಿ ಮಣ್ಣು ಗಟ್ಟಿಯಾಗಿ ಹುಲ್ಲು ಬಹುಕಾಲ ಮೇಲೇಳುವುದಿಲ್ಲ. ಮೊಟ್ಟೆಗಳು ಚಕ್ರದಡಿ ಒಡೆಯುತ್ತವೆ. ಒಂದೊಂದು ವಾಹನವೂ ಹೊಸ ದಾರಿ ಮಾಡಿಕೊಂಡರೆ ಕೆಲವೇ ವರ್ಷಗಳಲ್ಲಿ ಬಯಲು ಧೂಳಿನ ಮೈದಾನವಾಗುತ್ತದೆ. ಮದುವೆಯ ಛಾಯಾಚಿತ್ರಕ್ಕಾಗಿ ಹೊಗೆಬತ್ತಿ ಹಚ್ಚುವವರು ಬೇಸಿಗೆಯ ಒಣಹುಲ್ಲಿಗೆ ಬೆಂಕಿ ತಗುಲಿಸುವ ಅಪಾಯವೂ ಇದೆ. ವಾಹನ ನಿಲ್ಲಿಸಲು ರಸ್ತೆಯ ಬದಿಯಲ್ಲಿ ಒಂದೇ ಗೊತ್ತಾದ ಸ್ಥಳ, ಅಲ್ಲಿಂದ ಮುಂದೆ ಕಾಲ್ನಡಿಗೆ: ಹುಲ್ಲುಗಾವಲಿರುವ ಯಾವುದೇ ಗ್ರಾಮಕ್ಕೂ ಇದು ಅನ್ವಯಿಸುವ ಸರಳ ಸೂತ್ರ.

4. ಮರ: ನಲ್ಲೂರಿನ ಹುಣಿಸೆ ತೋಪು

ದೇವನಹಳ್ಳಿ ತಾಲ್ಲೂಕಿನ ನಲ್ಲೂರಿನಲ್ಲಿ ಸುಮಾರು 54 ಎಕರೆಯ ಹುಣಿಸೆ ತೋಪು ಇದೆ. ಸುಮಾರು 300 ಮರಗಳಿರುವ ಈ ತೋಪಿನ ಹಲವು ಮರಗಳು ಶತಮಾನಗಳಷ್ಟು ಹಳೆಯವು. ಕಾಂಡ ಟೊಳ್ಳಾಗಿ, ತಿರುಚಿ, ನೆಲಕ್ಕೆ ಬಾಗಿ, ಬಾಗಿದ ಕಡೆ ಮತ್ತೆ ಚಿಗುರಿ ನಿಂತ ಆಕಾರಗಳು ಬೇರೆಡೆ ಕಾಣಸಿಗವು. ನಡುವೆ ಪಾಳುಬಿದ್ದ ಹಳೆಯ ಗುಡಿಯ ಅವಶೇಷಗಳಿವೆ. 2007ರಲ್ಲಿ ಈ ತೋಪನ್ನು ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಲಾಯಿತು. ಜೀವವೈವಿಧ್ಯ ಅಧಿನಿಯಮ, 2002ರ ಅಡಿಯಲ್ಲಿ ಇಡೀ ದೇಶದಲ್ಲಿಯೇ ಈ ಮನ್ನಣೆ ಪಡೆದ ಮೊದಲ ತಾಣ ಇದು. ದೊಡ್ಡ ಅಭಯಾರಣ್ಯಗಳನ್ನೆಲ್ಲ ಬಿಟ್ಟು ಆ ಗೌರವ ಒಂದು ಹಳ್ಳಿಯ ಹುಣಿಸೆ ತೋಪಿಗೆ ಸಂದಿತು.

ಕೆಂಪಾಪುರದಿಂದ ಯಲಹಂಕಕ್ಕೆ ಹೋಗುವ ದಾರಿಯಲ್ಲಿಯೇ ಇರುವ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಆವರಣವೂ, ಎಂದರೆ ಕೃಷಿ ವಿಶ್ವವಿದ್ಯಾಲಯವೂ, ನಂತರದ ವರ್ಷಗಳಲ್ಲಿ ಇದೇ ಮನ್ನಣೆ ಪಡೆದಿದೆ. ಸಾಮಾನ್ಯವಾಗಿ ನವೆಂಬರ್ ತಿಂಗಳಲ್ಲಿ ಅಲ್ಲಿ ನಡೆಯುವ ಕೃಷಿ ಮೇಳಕ್ಕೆ ರೈತರಷ್ಟೇ ಸಂಖ್ಯೆಯಲ್ಲಿ ನಗರದ ಕುಟುಂಬಗಳೂ ಬರುವುದನ್ನು ತಾವು ಕಂಡಿರಬಹುದು.

ನಲ್ಲೂರಿನ ಉದಾಹರಣೆ ಎರಡು ಅಂಶಗಳನ್ನು ಸ್ಪಷ್ಟಪಡಿಸುತ್ತದೆ. ಮೊದಲನೆಯದು, ಅಧಿನಿಯಮದ 37ನೇ ಪ್ರಕರಣದ ಪ್ರಕಾರ ಸ್ಥಳೀಯ ಸಂಸ್ಥೆಗಳೊಂದಿಗೆ ಸಮಾಲೋಚಿಸಿ ರಾಜ್ಯ ಸರ್ಕಾರ ಪಾರಂಪರಿಕ ತಾಣವನ್ನು ಘೋಷಿಸಬಹುದು. ಹಾಗಾಗಿ ಪಂಚಾಯಿತಿಯ ಅಭಿಪ್ರಾಯಕ್ಕೆ ಅಲ್ಲಿ ಸ್ಥಾನವಿದೆ. ಎರಡನೆಯದು, ಘೋಷಣೆಯೊಂದೇ ಸಾಲದು. ಹಳೆಯ ಮರದ ಟೊಳ್ಳಿನಲ್ಲಿ ಅಡುಗೆಗೆ ಒಲೆ ಹೂಡಿದರೆ, ಕಾಂಡದ ಮೇಲೆ ಹೆಸರು ಕೆತ್ತಿದರೆ, ಬೇರಿನ ಮೇಲೆ ವಾಹನ ನಿಲ್ಲಿಸಿದರೆ ಸರ್ಕಾರದ ಅಧಿಸೂಚನೆ ಮರವನ್ನು ಉಳಿಸಲಾರದು. ಉಳಿಸುವುದು ಸ್ಥಳದಲ್ಲಿರುವ ಜನರ ಕಣ್ಣು.

5. ಹಳಿ: ದೊಡ್ಡಜಾಲದಿಂದ ನಂದಿಯವರೆಗೆ

ಯಲಹಂಕದಿಂದ ಚಿಕ್ಕಬಳ್ಳಾಪುರದ ಕಡೆಗೆ ಸಾಗುವ ರೈಲುಮಾರ್ಗ ಸುಮಾರು ನೂರು ವರ್ಷಗಳಿಗೂ ಹಿಂದೆ ಕಿರಿದಾದ ಹಳಿಯ ಲಘು ರೈಲಾಗಿ ಆರಂಭವಾಯಿತು. ಬಹುಕಾಲದ ನಂತರ ಅದನ್ನು ಬ್ರಾಡ್‌ಗೇಜ್‌ಗೆ ಪರಿವರ್ತಿಸಲಾಯಿತು. ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ ಹಾಲ್ಟ್‌ಗಳಲ್ಲಿನ ಹಳೆಯ ಹೆಂಚಿನ ನಿಲ್ದಾಣಗಳ ಜೀರ್ಣೋದ್ಧಾರವನ್ನು ಇಂಟ್ಯಾಕ್ ಸಂಸ್ಥೆ ಕೈಗೆತ್ತಿಕೊಂಡಿತು. 2021ರ ಜನವರಿಯಿಂದ ಇದೇ ಮಾರ್ಗದಲ್ಲಿ ವಿಮಾನ ನಿಲ್ದಾಣದ ಹಾಲ್ಟ್ ಸಹ ಇದೆ. ರೈಲುಗಳ ಸಂಖ್ಯೆ ಕಡಿಮೆ. ಹೊರಡುವ ಮುನ್ನ ವೇಳಾಪಟ್ಟಿ ನೋಡಿಕೊಳ್ಳಬೇಕು. ಆದರೆ ರಸ್ತೆಯ ದಟ್ಟಣೆಯಿಲ್ಲದೆ, ಅಲ್ಪ ಖರ್ಚಿನಲ್ಲಿ, ಹಿರಿಯರನ್ನೂ ಕರೆದೊಯ್ಯಬಹುದಾದ ಪ್ರವಾಸ ಇದು.

ಆವತಿ ಚಿಕ್ಕ ಊರು. ಅದರ ಚರಿತ್ರೆ ದೊಡ್ಡದು. ರಣಭೈರೇಗೌಡನ ನೇತೃತ್ವದಲ್ಲಿ ವಲಸೆ ಬಂದ ಕುಟುಂಬ ಇಲ್ಲಿ ನೆಲೆಸಿತು ಎಂಬ ಐತಿಹ್ಯವಿದೆ. ಆವತಿ ನಾಡಪ್ರಭುಗಳ ಆ ಮನೆತನದ ಕವಲುಗಳಿಂದ ಯಲಹಂಕ, ದೇವನಹಳ್ಳಿ ಮುಂತಾದ ಪಾಳೆಯಪಟ್ಟುಗಳು ಬೆಳೆದವು. ಬೆಂಗಳೂರನ್ನು ಕಟ್ಟಿದ ಕೆಂಪೇಗೌಡರ ಪೂರ್ವಿಕರ ಮೂಲವೂ ಇದೇ. ದೇವನಹಳ್ಳಿಯಲ್ಲಿ ಮಲ್ಲಬೈರೇಗೌಡ 1501ರಲ್ಲಿ ಮಣ್ಣಿನ ಕೋಟೆ ಕಟ್ಟಿಸಿದ. 1749ರಲ್ಲಿ ಅದು ಮೈಸೂರಿನ ವಶವಾಯಿತು. ಮುಂದೆ ಹೈದರಾಲಿಯ ಕಾಲದಲ್ಲಿ ಕಲ್ಲಿನ ಕೋಟೆಯಾಯಿತು. 1791ರಲ್ಲಿ ಕಾರ್ನ್‌ವಾಲಿಸನ ಸೇನೆಗೆ ಒಪ್ಪಿತು. ಕೋಟೆಯ ಹೊರಗೆ ಟಿಪ್ಪು ಸುಲ್ತಾನನ ಜನ್ಮಸ್ಥಳದ ಸ್ಮಾರಕವಿದೆ. ವಿಮಾನ ನಿಲ್ದಾಣಕ್ಕೆ ಹೋಗುವವರು ನೂರಾರು ಬಾರಿ ಸಮೀಪದಲ್ಲೇ ಹಾದು ಹೋದರೂ ಈ ಕೋಟೆಯ ಒಳಗೆ ಕಾಲಿಟ್ಟವರು ವಿರಳ.

ನಂದಿ ಗ್ರಾಮದ ಭೋಗನಂದೀಶ್ವರ ದೇವಾಲಯ ಬೆಟ್ಟದ ಬುಡದಲ್ಲಿದೆ. ಅದರ ಪ್ರಾಚೀನತೆ 9ನೇ ಶತಮಾನಕ್ಕೆ ಹೋಗುತ್ತದೆ. ಅರುಣಾಚಲೇಶ್ವರ ಮತ್ತು ಭೋಗನಂದೀಶ್ವರ ಎಂಬ ಅವಳಿ ಗುಡಿಗಳು, ನಡುವೆ ಉಮಾಮಹೇಶ್ವರ, ಪಕ್ಕದಲ್ಲಿ ಮೆಟ್ಟಿಲುಗಳ ಶೃಂಗಿ ತೀರ್ಥ. ಬೆಟ್ಟದ ಮೇಲೆ ಸೂರ್ಯೋದಯಕ್ಕಾಗಿ ಸಾಲುಗಟ್ಟುವ ವಾಹನಗಳಲ್ಲಿ ಕೆಲವಾದರೂ ಇಲ್ಲಿ ನಿಂತರೆ ಬೆಟ್ಟಕ್ಕೂ ಹಗುರ, ಗ್ರಾಮಕ್ಕೂ ಪ್ರಯೋಜನ. ಅಲ್ಲಿಂದ ಮುದ್ದೇನಹಳ್ಳಿ ಹತ್ತಿರ. ಸರ್ ಎಂ. ವಿಶ್ವೇಶ್ವರಯ್ಯನವರ ಮನೆ, ಸ್ಮಾರಕ ಸಂಗ್ರಹಾಲಯ ಮತ್ತು ಸಮಾಧಿ ಅಲ್ಲಿವೆ.

6. ಹೊರೆ ಯಾರದು?

ಮೇಲಿನ ಸ್ಥಳಗಳ ಸೊಬಗಿನ ಜೊತೆಗೆ ಅವುಗಳ ಹೊರೆಯನ್ನೂ ನೋಡಬೇಕು. ಪ್ರವಾಸಿ ಕುಟುಂಬ ತಂದ ಊಟದ ತಟ್ಟೆ, ಲೋಟ, ನೀರಿನ ಬಾಟಲಿ, ಮಗುವಿನ ಡೈಪರ್ ಸಂಜೆಯ ವೇಳೆಗೆ ಕಸವಾಗಿ ಉಳಿಯುತ್ತವೆ. ಆ ಕಸದ ಒಡೆಯ ನಗರದ ನಿವಾಸಿ. ಅದನ್ನು ಎತ್ತುವವರು ನಮ್ಮ ಸ್ವಚ್ಛತಾ ಸಿಬ್ಬಂದಿ. ಅದರ ವೆಚ್ಚ ನಮ್ಮ ತೆರಿಗೆದಾರನದು. ಸೋಮವಾರ ಬೆಳಿಗ್ಗೆ ದನ ಬಿಟ್ಟುಕೊಂಡು ಹೋದ ರೈತನ ಹಸು ಪ್ಲಾಸ್ಟಿಕ್ ತಿಂದು ಸತ್ತರೆ ಅದರ ನಷ್ಟ ಯಾವ ಲೆಕ್ಕಪುಸ್ತಕದಲ್ಲೂ ಬರುವುದಿಲ್ಲ.

ಕಸಕ್ಕಿಂತ ದೊಡ್ಡದು ಜೀವದ ಪ್ರಶ್ನೆ. ಕಲ್ಯಾಣಿಗಳ ಪಾಚಿಗಟ್ಟಿದ ಮೆಟ್ಟಿಲು, ಕೃಷಿ ಹೊಂಡ, ಹೂಳೆತ್ತಿದ ಕೆರೆಯ ಆಳವಾದ ಗುಂಡಿ, ಕೈಬಿಟ್ಟ ಕಲ್ಲುಗಣಿಯಲ್ಲಿ ನಿಂತ ನೀರು: ಇವು ನಾಲ್ಕೂ ಅಪಾಯದ ತಾಣಗಳು. ಗಣಿಯ ನೀರು ಮೇಲಿನಿಂದ ನೋಡಲು ತಿಳಿಯಾಗಿ, ಶಾಂತವಾಗಿ ಕಾಣುತ್ತದೆ. ಆದರೆ ಅಂಚಿನಿಂದ ಒಂದು ಹೆಜ್ಜೆ ಮುಂದಿಟ್ಟರೆ ನೇರವಾದ ಆಳ. ಹಿಡಿಯಲು ಬೇರಿಲ್ಲ, ಕಾಲೂರಲು ನೆಲೆಯಿಲ್ಲ. ಮಳೆಗಾಲದಲ್ಲಿ ಊರಿನವರು ಆ ಗುಂಡಿಯ ಗುಣ ಬಲ್ಲರು. ಮೊದಲ ಬಾರಿ ಬಂದ ಕುಟುಂಬ ಅರಿಯದು. ಒಬ್ಬರನ್ನು ಉಳಿಸಲು ಇಳಿದ ಇನ್ನೊಬ್ಬರೂ ಮುಳುಗುವುದು ಇಂತಹ ಅವಘಡಗಳಲ್ಲಿ ಮತ್ತೆ ಮತ್ತೆ ಕಾಣುವ ದುರಂತ. ಒಂದು ಫಲಕ, ಒಂದು ಬೇಲಿ, ಮರಕ್ಕೆ ಕಟ್ಟಿಟ್ಟ ಉದ್ದನೆಯ ಹಗ್ಗ ಮತ್ತು ಗಾಳಿ ತುಂಬಿದ ಒಂದು ಟ್ಯೂಬು: ಇವುಗಳ ವೆಚ್ಚ ಅತ್ಯಲ್ಪ. ಇವು ಇಲ್ಲದಿದ್ದಾಗ ತೆರುವ ಬೆಲೆಯನ್ನು ಯಾವ ಪಂಚಾಯಿತಿಯೂ ತುಂಬಿಕೊಡಲಾರದು.

7. ಕಾನೂನಿನ ಆಧಾರ

ಪಂಚಾಯಿತಿಗೆ ಅಧಿಕಾರವಿಲ್ಲ ಎಂಬ ಭಾವನೆ ಸರಿಯಲ್ಲ. ಸದಸ್ಯರು ಗಮನಿಸಬೇಕಾದ ಮುಖ್ಯ ಅಂಶಗಳು ಇವು:

ಅ) ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ 58ನೇ ಪ್ರಕರಣವು ಗ್ರಾಮ ಪಂಚಾಯಿತಿಯ ಪ್ರಕಾರ್ಯಗಳನ್ನು ನಿರೂಪಿಸುತ್ತದೆ. ತೆರಿಗೆ ಮತ್ತು ಶುಲ್ಕಗಳ ವಿಷಯ 199ನೇ ಪ್ರಕರಣದಲ್ಲಿದೆ. ವಾಹನ ನಿಲುಗಡೆ ಅಥವಾ ಪ್ರವೇಶದ ಹೆಸರಿನಲ್ಲಿ ಯಾರೇ ಆಗಲಿ ಹಣ ಪಡೆಯುವ ಮುನ್ನ ಅದಕ್ಕೆ ಅಧಿನಿಯಮದಲ್ಲಿ ಅವಕಾಶವಿದೆಯೇ ಎಂದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯೊಂದಿಗೆ ಪರಿಶೀಲಿಸಿ, ಸಭೆಯ ನಿರ್ಣಯ ಮಾಡಿ, ರಸೀದಿ ನೀಡಿ ಪಡೆಯತಕ್ಕದ್ದು. ರಸೀದಿಯಿಲ್ಲದ ವಸೂಲಿ ಊರಿನ ಹೆಸರನ್ನು ಕೆಡಿಸುತ್ತದೆ.

ಆ) ಜೀವವೈವಿಧ್ಯ ಅಧಿನಿಯಮದ 41ನೇ ಪ್ರಕರಣದ ಪ್ರಕಾರ ಪ್ರತಿಯೊಂದು ಸ್ಥಳೀಯ ಸಂಸ್ಥೆಯೂ ಜೀವವೈವಿಧ್ಯ ನಿರ್ವಹಣಾ ಸಮಿತಿಯನ್ನು ರಚಿಸಬೇಕು. ಈ ಸಮಿತಿ ಸಿದ್ಧಪಡಿಸುವ ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಹಳೆಯ ಮರ, ತೋಪು, ಕೆರೆ, ಹುಲ್ಲುಗಾವಲುಗಳ ವಿವರ ಸೇರಿದ್ದರೆ ರಕ್ಷಣೆಯ ಬೇಡಿಕೆಗೆ ಆಧಾರ ದೊರೆಯುತ್ತದೆ.

ಇ) ಕೇಂದ್ರ ಸಂರಕ್ಷಿತ ಸ್ಮಾರಕಗಳ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಗಿನ 200 ಮೀಟರ್ ನಿಯಂತ್ರಿತ ಪ್ರದೇಶ. ಪ್ರವಾಸಿಗರ ಅನುಕೂಲಕ್ಕೆಂದು ಅಂಗಡಿ ಮಳಿಗೆ, ಶೌಚಾಲಯ ಕಟ್ಟಲು ಹೊರಡುವ ಮುನ್ನ ಈ ಮಿತಿಯನ್ನು ಅಳೆದು ನೋಡಬೇಕು.

ಈ) ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟ, ಚಮಚ ಮುಂತಾದವುಗಳ ಮೇಲೆ ರಾಜ್ಯದಲ್ಲಿ 2016ರಿಂದ ನಿಷೇಧವಿದೆ; 2022ರ ಜುಲೈ 1ರಿಂದ ಏಕಬಳಕೆಯ ಹಲವು ಪ್ಲಾಸ್ಟಿಕ್ ವಸ್ತುಗಳನ್ನು ದೇಶಾದ್ಯಂತ ನಿಷೇಧಿಸಲಾಗಿದೆ. ಪ್ರವಾಸಿಗರಿಗೆ ಹೇಳುವ ಮೊದಲು ನಮ್ಮ ಊರಿನ ಅಂಗಡಿಗಳಲ್ಲಿ ಇವುಗಳ ಮಾರಾಟ ನಿಂತಿರಬೇಕು.

8. ಲಾಭ ಎಲ್ಲಿದೆ?

ಹಗಲಿನ ಅತಿಥಿ ದೊಡ್ಡ ಹೂಡಿಕೆಯನ್ನು ಬಯಸುವುದಿಲ್ಲ. ಅವನಿಗೆ ಬೇಕಾದುದು ಸ್ವಚ್ಛವಾದ ಶೌಚಾಲಯ, ಕುಡಿಯುವ ನೀರು, ವಾಹನಕ್ಕೆ ನೆರಳು, ನಂಬಿಕೆಯಿಂದ ತಿನ್ನಬಹುದಾದ ಊಟ. ಇವು ನಾಲ್ಕೂ ಒಂದು ಸ್ವಸಹಾಯ ಗುಂಪಿನ ಶಕ್ತಿಗೆ ಮೀರಿದವಲ್ಲ. ಬಾಳೆ ಎಲೆ ಅಥವಾ ಮುತ್ತುಗದ ಎಲೆಯ ಮೇಲೆ ಬಡಿಸಿದ ರಾಗಿ ಮುದ್ದೆ, ಅವರೆಕಾಳಿನ ಸಾರು, ಹುರುಳಿ ಬಸ್ಸಾರು ಇವುಗಳನ್ನು ಊರಿನಲ್ಲಿಯೇ ಕುಳಿತು ಉಣ್ಣುವ ಅವಕಾಶ ದೊರೆತರೆ, ನಗರದಿಂದ ತಟ್ಟೆ ಲೋಟ ಹೊತ್ತು ತರುವ ಅಗತ್ಯವೇ ಬೀಳದು. ಹೀಗೆ ಗಳಿಕೆಯ ದಾರಿ ಮತ್ತು ಕಸ ತಗ್ಗಿಸುವ ದಾರಿ ಒಂದೇ ಆಗುತ್ತವೆ.

ನಮ್ಮ ಸೀಮೆಯ ಬೆಳೆಗಳಿಗೂ ಹೆಸರಿದೆ. ದೇವನಹಳ್ಳಿಯ ಚಕ್ಕೋತ, ಬೆಂಗಳೂರು ನೀಲಿ ದ್ರಾಕ್ಷಿ, ಬೆಂಗಳೂರು ಗುಲಾಬಿ ಈರುಳ್ಳಿ ಇವು ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಉತ್ಪನ್ನಗಳು. ಚಕ್ಕೋತದ ತೋಟಗಳು ಬಡಾವಣೆಗಳಾಗಿ ಮಾರ್ಪಡುತ್ತಿರುವ ಈ ದಿನಗಳಲ್ಲಿ, ತೋಟದ ಬಾಗಿಲಲ್ಲಿಯೇ ಹಣ್ಣಿಗೆ ಸರಿಯಾದ ಬೆಲೆ ದೊರೆತರೆ ಒಂದಿಬ್ಬರು ರೈತರಾದರೂ ಮರ ಕಡಿಯುವ ಮುನ್ನ ಮತ್ತೊಮ್ಮೆ ಯೋಚಿಸುತ್ತಾರೆ. ಒಂದು ಹಗಲಿನ ಪ್ರವಾಸದ ಹಿಂದೆ ಇರುವ ನಿಜವಾದ ಪಣ ಇದು. ನಗರ ನಮ್ಮ ಕಡೆಗೆ ಬೆಳೆಯುತ್ತಿದೆ. ಅದು ನಮ್ಮ ಕೆರೆ, ತೋಪು, ಬಯಲುಗಳನ್ನು ಖಾಲಿ ನಿವೇಶನವೆಂದು ಕಾಣುತ್ತದೆಯೋ, ತನ್ನ ಮಕ್ಕಳನ್ನು ಕರೆತಂದು ತೋರಿಸಬೇಕಾದ ಸ್ಥಳವೆಂದು ಕಾಣುತ್ತದೆಯೋ ಎಂಬುದು ನಾವು ಅವುಗಳನ್ನು ಇಟ್ಟುಕೊಂಡಿರುವ ರೀತಿಯನ್ನು ಬಹುಮಟ್ಟಿಗೆ ಅವಲಂಬಿಸಿದೆ.

9. ಮುಂದಿನ ಗ್ರಾಮಸಭೆಗೆ ಮುನ್ನ

ಸದಸ್ಯರು ತಮ್ಮ ವಾರ್ಡ್ ಮಟ್ಟದಲ್ಲಿ ಈ ಕೆಳಗಿನ ಕಾರ್ಯಗಳನ್ನು ಕೈಗೊಳ್ಳಬಹುದು:

(1) ರಜಾದಿನಗಳಲ್ಲಿ ಹೊರಗಿನವರು ಬಂದು ನಿಲ್ಲುವ ಸ್ಥಳಗಳನ್ನು ಪಟ್ಟಿ ಮಾಡುವುದು. ಎರಡು ಭಾನುವಾರ ಸ್ಥಳದಲ್ಲಿ ನಿಂತು ವಾಹನಗಳನ್ನು ಎಣಿಸಿದರೆ ಅಂದಾಜು ಸಿಗುತ್ತದೆ.

(2) ಶಾಸನ, ವೀರಗಲ್ಲು, ಮಾಸ್ತಿಗಲ್ಲು, ಕಲ್ಯಾಣಿ, ಹಳೆಯ ಮರಗಳನ್ನು ಶಾಲಾ ಮಕ್ಕಳ ಸಹಾಯದಿಂದ ಗುರುತಿಸಿ, ಛಾಯಾಚಿತ್ರ ಮತ್ತು ಸರ್ವೆ ನಂಬರಿನೊಂದಿಗೆ ಪಂಚಾಯಿತಿ ಕಚೇರಿಯಲ್ಲಿ ದಾಖಲಿಸುವುದು.

(3) ಅಪಾಯದ ನೀರಿನ ತಾಣಗಳನ್ನು ಪ್ರತ್ಯೇಕವಾಗಿ ಪಟ್ಟಿ ಮಾಡಿ, ಮಳೆಗಾಲಕ್ಕೆ ಮೊದಲೇ ಫಲಕ, ಬೇಲಿ, ಹಗ್ಗಗಳ ವ್ಯವಸ್ಥೆ ಮಾಡುವುದು. ಫಲಕದಲ್ಲಿ ಸ್ಥಳದ ಹೆಸರು ಮತ್ತು ತುರ್ತು ಸಂಖ್ಯೆ 112 ನಮೂದಿಸುವುದು. ಕರೆ ಮಾಡುವವರಿಗೆ ತಾವಿರುವ ಸ್ಥಳದ ಹೆಸರೇ ತಿಳಿಯದಿದ್ದರೆ ಸಹಾಯ ತಡವಾಗುತ್ತದೆ.

(4) ವಾಹನ ನಿಲುಗಡೆಗೆ ಒಂದು ಸ್ಥಳ ಗೊತ್ತುಪಡಿಸಿ, ಕೆರೆಯ ಏರಿ, ಹುಲ್ಲುಗಾವಲು, ತೋಪುಗಳ ಒಳಗೆ ವಾಹನ ಹೋಗದಂತೆ ಕಲ್ಲು ನೆಡುವುದು.

(5) ಭಾನುವಾರ ಸಂಜೆ ಅಥವಾ ಸೋಮವಾರ ಮುಂಜಾನೆ ಆ ಸ್ಥಳಗಳಲ್ಲಿ ಕಸ ಸಂಗ್ರಹಿಸುವಂತೆ ವಾಹನದ ಮಾರ್ಗವನ್ನು ಬದಲಿಸುವುದು; ತಂದ ಕಸ ಮರಳಿ ಒಯ್ಯಿರಿ ಎಂಬ ಸೂಚನೆಯನ್ನು ಕನ್ನಡದಲ್ಲಿ ಮತ್ತು ಪ್ರವಾಸಿಗರು ಓದಬಲ್ಲ ಇತರ ಭಾಷೆಗಳಲ್ಲಿ ಬರೆಸುವುದು.

(6) ಊಟ, ಹಣ್ಣು, ಎಳನೀರು ಮಾರಾಟಕ್ಕೆ ಮುಂದೆ ಬರುವ ಸ್ವಸಹಾಯ ಗುಂಪುಗಳ ಹೆಸರನ್ನು ಗ್ರಾಮಸಭೆಯಲ್ಲಿ ಕೇಳಿ, ಸರದಿಯ ಮೇಲೆ ಸ್ಥಳ ನೀಡುವುದು.

ಇವುಗಳಲ್ಲಿ ಮೊದಲ ಮೂರು ಕಾರ್ಯಗಳಿಗೆ ವಿಶೇಷ ಅನುದಾನಕ್ಕಾಗಿ ಕಾಯಬೇಕಾಗಿಲ್ಲ. ಉಳಿದವನ್ನು ವಾರ್ಷಿಕ ಕ್ರಿಯಾ ಯೋಜನೆಯಲ್ಲಿ ಸೇರಿಸಿ ಹಂತಹಂತವಾಗಿ ಕೈಗೊಳ್ಳಬಹುದು.

ಕೊನೆಯದಾಗಿ ಒಂದು ವಿನಂತಿ. ಪಟ್ಟಿ ಮಾಡುವ ಮುನ್ನ, ಸದಸ್ಯರು ತಮ್ಮ ಕುಟುಂಬದೊಂದಿಗೆ ತಮ್ಮದೇ ಪಂಚಾಯಿತಿ ವ್ಯಾಪ್ತಿಯಲ್ಲಿ ಒಂದು ಹಗಲಿನ ಪ್ರವಾಸ ಮಾಡಿ ನೋಡಿ. ಅಪರಿಚಿತರಂತೆ ಕೆರೆಯ ಏರಿಯ ಮೇಲೆ ನಡೆಯಿರಿ. ಮಕ್ಕಳನ್ನು ಕಲ್ಯಾಣಿಯ ಬಳಿ ಬಿಟ್ಟು ಎಷ್ಟು ಹೊತ್ತು ನಿಶ್ಚಿಂತೆಯಿಂದ ಇರಬಲ್ಲಿರಿ ಎಂದು ಯೋಚಿಸಿರಿ. ಮನೆಯ ಹೆಣ್ಣುಮಕ್ಕಳಿಗೆ ಶೌಚಾಲಯ ಎಲ್ಲಿದೆ ಎಂದು ಹುಡುಕಿರಿ. ಊರಿನ ಹಳೆಯ ಕಲ್ಲನ್ನು ಮಕ್ಕಳಿಗೆ ತೋರಿಸಿ, ಅದರ ಕಥೆ ಹೇಳಲು ಪ್ರಯತ್ನಿಸಿರಿ. ಎಲ್ಲಿ ತಾವು ತಡವರಿಸುತ್ತೀರೋ ಅಲ್ಲಿಂದಲೇ ಪಂಚಾಯಿತಿಯ ಕೆಲಸ ಆರಂಭವಾಗಲಿ.